ಮೆಟೀರಿಯಲ್ಸ್ ಸೈನ್ಸ್ ಪದವಿಗೆ ಯಾವ ವಿಶ್ವವಿದ್ಯಾಲಯ ಸೂಕ್ತ?

ಸಕಲೇಶಪುರದ ಪೋಷಕ:

ನನ್ನ ಮಗಳು ಹಾಸನದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಊರಿನ ಕುಲುಮೆಯಲ್ಲಿ ಮಾಡಿಸಿದ ಕತ್ತಿ ವರ್ಷಗಟ್ಟಲೆ ಹರಿತವಾಗಿರುವುದೇಕೆ, ಅಂಗಡಿಯಿಂದ ತಂದದ್ದು ಒಂದೇ ಮಳೆಗಾಲಕ್ಕೆ ಮೊಂಡಾಗುವುದೇಕೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದವಳು ಈಗ ಮೆಟೀರಿಯಲ್ಸ್ ಸೈನ್ಸನ್ನೇ (ವಸ್ತುವಿಜ್ಞಾನ) ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕೆಲವೆಡೆ ಇದಕ್ಕೆ ಮೆಟಲರ್ಜಿ (ಲೋಹವಿಜ್ಞಾನ) ಎಂದೂ, ಕೆಲವೆಡೆ ಮೆಟೀರಿಯಲ್ಸ್ ಎಂಜಿನಿಯರಿಂಗ್ ಎಂದೂ ಹೆಸರಿದ್ದು, ಇವೆಲ್ಲ ಒಂದೆಯೇ ಎಂಬುದು ನನಗೆ ತಿಳಿಯುತ್ತಿಲ್ಲ. ಭದ್ರಾವತಿಯ ಕಾರ್ಖಾನೆ ಸೊರಗಿತು, 2005ರ ಕೊನೆಗೆ ಕುದುರೆಮುಖದ ಗಣಿಯೂ ನಿಂತಿತು, ಇನ್ನು ಲೋಹ ಓದಿ ಏನು ಮಾಡುತ್ತಾಳೆ ಎಂದು ನಮ್ಮ ಭಾವನವರು ಕೇಳುತ್ತಾರೆ. ಹಾಸನದಲ್ಲೇ ಇಸ್ರೋದ ಕೇಂದ್ರವಿರುವುದರಿಂದ ಓದಿದ ಮೇಲೆ ಮನೆಯ ಹತ್ತಿರವೇ ಕೆಲಸ ಸಿಗಬಹುದೆಂಬ ಆಸೆ ನನ್ನದು. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಸುರತ್ಕಲ್ ಹಳೆಯ ವಿದ್ಯಾರ್ಥಿ:

ಸರ್, ಒಂದೇ ಹೆಸರಿನ ಹಿಂದೆ ಎರಡು ಬೇರೆ ಬೇರೆ ಓದುಗಳಿವೆ. ಕಾಯಿಸಿದ ಉಕ್ಕನ್ನು ನೀರಿಗದ್ದಿದಾಗ ಅದರೊಳಗಿನ ಪರಮಾಣುಗಳ ಜೋಡಣೆ ಹೇಗೆ ಬದಲಾಗುತ್ತದೆ, ಅದು ಗಟ್ಟಿಯಾಗುವುದರ ಜೊತೆಗೆ ಪೆಡಸೂ ಆಗುವುದೇಕೆ ಎಂದು ವಿಚಾರಿಸುವುದು ವಿಜ್ಞಾನದ ಕಡೆಯ ಓದು. ಅದೇ ಉಕ್ಕನ್ನು ಸಾವಿರ ಟನ್ ಲೆಕ್ಕದಲ್ಲಿ, ಪ್ರತಿ ಬಾರಿಯೂ ಒಂದೇ ಗುಣಮಟ್ಟದಲ್ಲಿ, ಕಡಿಮೆ ಖರ್ಚಿನಲ್ಲಿ ತಯಾರಿಸುವುದು ಹೇಗೆ ಎಂಬುದು ಎಂಜಿನಿಯರಿಂಗ್ ಕಡೆಯ ಓದು. ಮೊದಲನೆಯದು ಸಾಮಾನ್ಯವಾಗಿ ಬಿಎಸ್‌ಸಿ, ಎಂಎಸ್‌ಸಿ, ಪಿಎಚ್‌ಡಿ ದಾರಿಯಲ್ಲೂ ಎರಡನೆಯದು ಬಿಟೆಕ್ ದಾರಿಯಲ್ಲೂ ಸಾಗುತ್ತದೆ. ಮಗಳ ಮನಸ್ಸು ಯಾವ ಪ್ರಶ್ನೆಯ ಕಡೆಗಿದೆ ಎಂಬುದು ಗೊತ್ತಾದರೆ ವಿಶ್ವವಿದ್ಯಾಲಯಗಳ ಪಟ್ಟಿ ಅರ್ಧಕ್ಕರ್ಧ ಇಳಿಯುತ್ತದೆ.

ಬಿಟೆಕ್ ಎಂದಾದರೆ ಸುರತ್ಕಲ್‌ನ ಎನ್‌ಐಟಿಕೆಯನ್ನು (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಮೊದಲು ನೋಡಿ. 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗವಿದೆ. ಇಲ್ಲಿಗೆ ಸಿಇಟಿ ರ್‍ಯಾಂಕ್ ಉಪಯೋಗಕ್ಕೆ ಬರುವುದಿಲ್ಲ, ಜೆಇಇ ಮೇನ್ ಬರೆಯಲೇಬೇಕು. ಅರ್ಧದಷ್ಟು ಸೀಟುಗಳು ಕರ್ನಾಟಕದವರಿಗೆ ಮೀಸಲಾಗಿದ್ದು, ಪಿಯುಸಿಯನ್ನು ಯಾವ ರಾಜ್ಯದಲ್ಲಿ ಪಾಸು ಮಾಡಿದ್ದಾರೆ ಎಂಬುದೇ ಅದಕ್ಕೆ ಮಾನದಂಡ. ಹೆಣ್ಣುಮಕ್ಕಳಿಗೆಂದು ಹೆಚ್ಚುವರಿ ಸೀಟುಗಳೂ ಇವೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದರೆ ಮಂಗಳೂರು, ಅಲ್ಲಿಂದ ಸುರತ್ಕಲ್ ಹತ್ತಿರವೇ. ಮಳೆಗಾಲದಲ್ಲಿ ಘಾಟಿ ಕುಸಿದು ರಸ್ತೆ ಮುಚ್ಚಿದಾಗ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. (ನನ್ನ ಸೈಕಲ್ ಒಂದೇ ವರ್ಷಕ್ಕೆ ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದದ್ದು ಲೋಹಗಳ ಸವೆತದ ಬಗ್ಗೆ ನಾನು ಕಲಿತ ಮೊದಲ ಪಾಠ.)

ಭಾವನವರ ಮಾತನ್ನು ತೀರ ತಳ್ಳಿಹಾಕಲಾರೆ. ಆದರೆ ಭದ್ರಾವತಿಯೇ ಉಕ್ಕಿನ ಉದ್ಯಮವಲ್ಲ, ನಮ್ಮ ರಾಜ್ಯದಲ್ಲೇ ತೋರಣಗಲ್ಲಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಕಾರ್ಖಾನೆ ನಡೆಯುತ್ತಿದೆ. ಅಲ್ಲದೆ ಬ್ಯಾಟರಿ, ಅರೆವಾಹಕ, ವಿಮಾನದ ಬಿಡಿಭಾಗ, ಕೃತಕ ಮಂಡಿಚಿಪ್ಪು ಎಲ್ಲವೂ ಈ ಓದಿನ ವ್ಯಾಪ್ತಿಗೇ ಬರುತ್ತವೆ.

ಪ್ರಯೋಗಾಲಯದವಳು:

ನಾನು ಹಾಸನದವಳೇ, ಸದ್ಯ ಬೆಂಗಳೂರಿನಲ್ಲಿ ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೊದಲಿಗೆ ಒಂದು ತಿದ್ದುಪಡಿ: ಹಾಸನದ ಎಂಸಿಎಫ್ 1982ರಿಂದ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವೇ ಹೊರತು ಅವನ್ನು ತಯಾರಿಸುವ ಜಾಗವಲ್ಲ. ಇಸ್ರೋದಲ್ಲಿ ರಾಕೆಟ್ಟಿನ ಲೋಹ, ಸಂಯುಕ್ತ ವಸ್ತುಗಳ ಕೆಲಸವೆಂದರೆ ತಿರುವನಂತಪುರದ ಕಡೆ ನೋಡಬೇಕು. ಹಾಸನದಲ್ಲೇ ಕೆಲಸ ಎಂಬ ಲೆಕ್ಕದಲ್ಲಿ ವಿಶ್ವವಿದ್ಯಾಲಯವನ್ನು ಆರಿಸಬೇಡಿ. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್, ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್, ಕಲ್ಪಾಕ್ಕಂನ ಅಣು ಸಂಶೋಧನಾ ಕೇಂದ್ರ, ಹೀಗೆ ಈ ಕ್ಷೇತ್ರದವರು ಊರು ಬಿಟ್ಟವರೇ.

ವಿಜ್ಞಾನದ ದಾರಿಯಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿಎಸ್‌ಸಿ (ರಿಸರ್ಚ್) ಇದೆ. ಆರಂಭದ ಸೆಮಿಸ್ಟರ್‌ಗಳಲ್ಲಿ ಎಲ್ಲ ಮೂಲವಿಜ್ಞಾನಗಳನ್ನೂ ಓದಿಸಿ, ಆಮೇಲೆ ಮೆಟೀರಿಯಲ್ಸ್ ಅನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳಲು ಬಿಡುತ್ತಾರೆ, ಕೊನೆಯ ವರ್ಷ ಸಂಶೋಧನಾ ಯೋಜನೆಯೊಂದನ್ನು ಮಾಡಬೇಕು. ಹದಿನೇಳು ವರ್ಷಕ್ಕೇ ಮನಸ್ಸು ಗಟ್ಟಿಮಾಡಿಕೊಳ್ಳಲಾಗದ ಮಕ್ಕಳಿಗೆ ಈ ಏರ್ಪಾಡು ತುಂಬ ಅನುಕೂಲ. ಸೀಟು ಸಿಗುವುದು ಕಷ್ಟ ಎಂಬುದೂ ಅಷ್ಟೇ ನಿಜ.

ನಾನು ಹೋದದ್ದು ಮೂರನೆಯ ದಾರಿ, ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿನಂಥಲ್ಲಿ ಕಡಿಮೆ ಖರ್ಚಿನಲ್ಲಿ ಬಿಎಸ್‌ಸಿ ಮುಗಿಸಿ, ಸ್ನಾತಕೋತ್ತರ ವಿಜ್ಞಾನ ಪ್ರವೇಶದ ಜ್ಯಾಮ್ ಪರೀಕ್ಷೆ ಬರೆದು, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸ್ನಾತಕೋತ್ತರ ಪದವಿಯೂ ಸೇರಿದ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಪ್ರಯತ್ನಿಸಬಹುದು. ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಆ ಸಂಸ್ಥೆಯಲ್ಲಿ ವಸ್ತುವಿಜ್ಞಾನವೇ ಮುಖ್ಯ. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದಲ್ಲೂ ಮೆಟೀರಿಯಲ್ಸ್ ಸೈನ್ಸ್ ಎಂಎಸ್‌ಸಿ ಇದೆ.

ಯಾವ ಸಂಸ್ಥೆಗೆ ಹೋಗಿ ವಿಚಾರಿಸಿದರೂ ಒಂದು ಪ್ರಶ್ನೆಯನ್ನು ಮರೆಯಬೇಡಿ: ಪದವಿ ವಿದ್ಯಾರ್ಥಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು, ಎಕ್ಸ್‌ರೇ ಯಂತ್ರವನ್ನು ತಾವೇ ಮುಟ್ಟಿ ಬಳಸುತ್ತಾರೋ, ಅಥವಾ ಗಾಜಿನ ಆಚೆ ನಿಂತು ನೋಡಿ ಬರುತ್ತಾರೋ? ಹಿಂದೆ ನಾನು ಭೇಟಿ ಕೊಟ್ಟಿದ್ದ ಒಂದು ಕಾಲೇಜಿನಲ್ಲಿ ಕೋಟಿಗಟ್ಟಲೆ ಬೆಲೆಯ ಉಪಕರಣಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನೇ ತೆಗೆದಿರಲಿಲ್ಲ.

ಮೆಕ್ಯಾನಿಕಲ್ ಮೇಷ್ಟ್ರು:

ಜೆಇಇ ರ್‍ಯಾಂಕ್ ಬಾರದಿದ್ದರೆ ಗಾಬರಿಯಾಗಬೇಡಿ. ಹಾಸನದ ಮಲೆನಾಡು ಕಾಲೇಜಿನಲ್ಲೋ ಚಿಕ್ಕಮಗಳೂರಿನ ಎಐಟಿಯಲ್ಲೋ ಮೆಕ್ಯಾನಿಕಲ್ ಬಿಇ ಮಾಡಿ, ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆದು, ಆ ಮಟ್ಟದಲ್ಲಿ ಮೆಟೀರಿಯಲ್ಸ್ ಕಡೆಗೆ ಹೊರಳಿದ ವಿದ್ಯಾರ್ಥಿಗಳು ನನಗೆ ಗೊತ್ತು.

ಸುರತ್ಕಲ್ ಹಳೆಯ ವಿದ್ಯಾರ್ಥಿ:

ಮೇಷ್ಟ್ರೇ, ಆ ದಾರಿ ಇದೆ, ಒಪ್ಪುತ್ತೇನೆ. ಆದರೆ ಮೆಕ್ಯಾನಿಕಲ್‌ನಲ್ಲಿ ವಸ್ತುಗಳ ಬಗ್ಗೆ ಒಂದೆರಡು ಪೇಪರ್ ಇರುತ್ತದೆ, ಉಳಿದದ್ದೆಲ್ಲ ಯಂತ್ರ, ಉಷ್ಣ, ವಿನ್ಯಾಸ. ಅದರಲ್ಲಿ ಆಸಕ್ತಿಯೇ ಇಲ್ಲದ ಹುಡುಗಿಗೆ ನಾಲ್ಕು ವರ್ಷ ಬಹಳ ಉದ್ದವಾದೀತು. ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಕಲೇಶಪುರದ ಪೋಷಕ:

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮಗಳಿಗೆ ಓದಿಸಿದಾಗ, ಕತ್ತಿ ತಯಾರಿಸುವುದಕ್ಕಿಂತ ಅದರೊಳಗೆ ಏನಾಗುತ್ತದೆ ಎಂದು ತಿಳಿಯುವುದೇ ತನಗೆ ಬೇಕು ಎಂದಳು. ಹಾಗಾದರೆ ವಿಜ್ಞಾನ ಸಂಸ್ಥೆಗೆ ಜೆಇಇ ಒಂದೇ ದಾರಿಯೇ? ಅವಳದು ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್).

ಪ್ರಯೋಗಾಲಯದವಳು:

ಒಂದೇ ದಾರಿಯಲ್ಲ ಸರ್. ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ) ಸಂಸ್ಥೆಗಳು ನಡೆಸುವ ಅಭಿರುಚಿ ಪರೀಕ್ಷೆಯ ಮೂಲಕವೂ ಪ್ರವೇಶವಿದೆ, ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು. ಅದರ 60 ಪ್ರಶ್ನೆಗಳಲ್ಲಿ 15 ಜೀವಶಾಸ್ತ್ರದವು. ಪಿಸಿಎಂಸಿ ಮಕ್ಕಳು ಎಡವುವುದು ಅಲ್ಲೇ. ಪಕ್ಕದ ಮನೆಯಲ್ಲಿ ಪಿಸಿಎಂಬಿ ಓದುತ್ತಿರುವವರಿದ್ದರೆ ಪ್ರಥಮ ಪಿಯುಸಿಯ ಜೀವಶಾಸ್ತ್ರದ ಪುಸ್ತಕವನ್ನು ಈ ವಾರವೇ ಕೇಳಿ ತರಲು ಹೇಳಿ.