ಗೇರ್‌ಬಾಕ್ಸ್ ಹೌಸಿಂಗ್ ಬಿರುಕು: ಕಲ್ಲೇಟೋ, ಜೋಡಣೆಯ ತಪ್ಪೋ?

ಪ್ರಶ್ನೆ (ಕೋಥ್ರೂಡ್, ಪುಣೆ)
ಹುಬ್ಬಳ್ಳಿಯಿಂದ ಮರಳಿದ ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ಅಂಗೈಯಗಲ ಗೇರ್ ಆಯಿಲ್ ಚೆಲ್ಲಿತ್ತು. ಲಿಫ್ಟಿಗೆ ಏರಿಸಿ ನೋಡಿದಾಗ ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚಿ ಎಂಜಿನ್ನಿಗೆ ಕೂಡುವ ಕವಚ) ಕೆಳಬೋಲ್ಟಿನಿಂದ ಹೊರಟ ಬಿರುಕು, ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಓಡಿತ್ತು. ಖಂಬಾಟ್ಕಿ ಘಾಟಿನಲ್ಲಿ ಕಲ್ಲು ಬಡಿದಿರಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ, ಆದರೆ ಅಂಥ ಸದ್ದು ಕೇಳಿದ ನೆನಪು ನನಗಿಲ್ಲ. ಎಂಟು ತಿಂಗಳ ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಕ್ಲಚ್ ಬದಲಾಯಿಸಿದಾಗಿನಿಂದ ಮೊದಲ ಗೇರಿನಲ್ಲಿ ಹೊರಡುವಾಗ ಗಾಡಿ ನಡುಗುತ್ತಿದೆ. ಕಾರಣವನ್ನು ಹೇಗೆ ಖಚಿತಪಡಿಸಿಕೊಳ್ಳಲಿ?

ಉತ್ತರ (ಭೋಸರಿ)
ದಯವಿಟ್ಟು ಹಳೆಯ ಹೌಸಿಂಗನ್ನು ಗುಜರಿಗೆ ಕೊಡಬೇಡಿ. ಕಲ್ಲು ಬಡಿದಿದ್ದರೆ ಅಲ್ಯೂಮಿನಿಯಂ ಮೇಲೆ ತಗ್ಗೋ ಹೊಳೆಯುವ ಗೀರೋ ಇದ್ದೇ ಇರುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಬೇರಿಂಗ್ ಅಥವಾ ಡಿಫರೆನ್ಷಿಯಲ್ ಪಿನ್ ಒಡೆದು ಒಳಗಿನಿಂದ ಗುದ್ದಿದ್ದರೆ ಅಂಚುಗಳು ಹೊರಕ್ಕೆ ಉಬ್ಬಿರುತ್ತವೆ, ಬಸಿದ ಆಯಿಲ್‌ನಲ್ಲಿ ಲೋಹದ ಚೂರುಗಳು ಸಿಗುತ್ತವೆ. ಗೇರ್‌ಬಾಕ್ಸಿನೊಳಗಿನ ಮ್ಯಾಗ್ನೆಟ್ಟಿಗೆ ಮೆತ್ತಿದ ನುಣ್ಣನೆಯ ಬೂದು ಪೇಸ್ಟ್ ಮಾತ್ರ ಸಾಮಾನ್ಯ ಸವೆತ. ಈ ಎರಡೂ ಇಲ್ಲದೆ ಬಿರುಕು ಬೋಲ್ಟಿನ ಬುಡದಿಂದಲೇ ಶುರುವಾಗಿದ್ದರೆ, ಆ ಲೋಹ ತಿಂಗಳುಗಟ್ಟಲೆ ಬಾಗಿ ಬಾಗಿ ದಣಿದು ಒಡೆದಿದೆ. ಹಾಗಿದ್ದಲ್ಲಿ ಬಿರುಕಿನ ಹಳೆಯ ಭಾಗ ಎಣ್ಣೆ, ಧೂಳು ಹೀರಿ ಕಪ್ಪಾಗಿರುತ್ತದೆ, ಕೊನೆಯಲ್ಲಿ ಒಡೆದ ಭಾಗ ಸಕ್ಕರೆ ಹರಳಿನಂತೆ ಹೊಳೆಯುತ್ತದೆ. ಬಿರುಕಿನ ತುದಿ ಕಾಣದಿದ್ದರೆ ಚೆನ್ನಾಗಿ ತೊಳೆದು ಕೆಂಪು ಡೈ ಪೆನೆಟ್ರಂಟ್ (ಬಿರುಕಿಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವ) ಹಾಕಿಸಿ.

ಉತ್ತರ (ಪಿಂಪ್ರಿ)
ನಡುಕ ಶುರುವಾದದ್ದು ಕ್ಲಚ್ ಕೆಲಸದ ನಂತರ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಡೋವೆಲ್ ಪಿನ್‌ಗಳಿರುತ್ತವೆ. ಬೋಲ್ಟುಗಳು ಬಿಗಿ ಹಿಡಿಯುತ್ತವೆಯೇ ಹೊರತು ಸ್ಥಾನ ಕಾಯುವುದು ಆ ಪಿನ್‌ಗಳೇ. ಗೇರ್‌ಬಾಕ್ಸ್ ಇಳಿಸಿದಾಗ ಒಂದು ಕಳೆದುಹೋದರೂ ಎಂಜಿನ್ನಿನ ತಿರುಗುವಿಕೆಯನ್ನು ಒಳಗೆ ತರುವ ಇನ್‌ಪುಟ್ ಶಾಫ್ಟ್ ಓರೆಯಾಗಿ, ಪ್ರತಿ ಸುತ್ತಿಗೂ ಹೌಸಿಂಗ್ ತಿರುಚಿಕೊಳ್ಳುತ್ತದೆ. ಎಂಜಿನ್, ಗೇರ್‌ಬಾಕ್ಸನ್ನು ಕಾರಿಗೆ ಹಿಡಿದಿಡುವ ಮೌಂಟಿನ ರಬ್ಬರ್ ಹರಿದಿದೆಯೇ ಎಂಬುದನ್ನೂ ನೋಡಿಸಿ.

ಪ್ರಶ್ನೆ ಕೇಳಿದವರು
ಇಂದು ಗೇರ್‌ಬಾಕ್ಸ್ ಇಳಿಸಿದಾಗ ಪಕ್ಕದಲ್ಲೇ ನಿಂತು ನೋಡಿದೆ. ತಳದಲ್ಲಿ ಒಂದು ಗೀರೂ ಇಲ್ಲ. ಬಿರುಕಿನ ಮುಕ್ಕಾಲು ಭಾಗ ಕಪ್ಪಗಿದೆ, ಕೆಳಗಿನ ಡೋವೆಲ್ ರಂಧ್ರ ಖಾಲಿ, ಅದರ ಪಕ್ಕದ ಬೋಲ್ಟಿನ ಕಂಠ ಉಜ್ಜಿ ಸವೆದಿದೆ. ಹೌಸಿಂಗನ್ನು ವೆಲ್ಡ್ ಮಾಡಿಸಬಹುದೇ?

ಉತ್ತರ (ಭೋಸರಿ)
ನಾನಾದರೆ ಮಾಡಿಸುವುದಿಲ್ಲ. ಎಣ್ಣೆ ಹೀರಿದ ಎರಕದಲ್ಲಿ ವೆಲ್ಡ್ ಗುಳ್ಳೆಗಟ್ಟುತ್ತದೆ, ಶಾಖಕ್ಕೆ ಬೇರಿಂಗ್ ಕೂರುವ ಜಾಗವೂ ಸೊಟ್ಟಗಾಗಬಹುದು. ಬೇರೆ ಹೌಸಿಂಗ್ ಹಾಕಿಸಿ, ಎಲ್ಲ ಡೋವೆಲ್‌ಗಳೂ ಕೂತಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಬೋಲ್ಟ್ ಬಿಗಿಸಲು ಹೇಳಿ.