ಗುಡುಗಿಗೆ ಹೆದರುವ ನಾಯಿಗೆ ಚೀನಾ ಗಿಡಮೂಲಿಕೆ ಕೊಡಬಹುದಾ?

ಪ್ರಶ್ನೆ (ಶಿರಸಿ): ಗುಡುಗು ಶುರುವಾದರೆ ನಮ್ಮ ನಾಯಿ ಕಾಳು, ಅಡಿಕೆ ಚೀಲಗಳ ಸಂದಿಗೆ ನುಗ್ಗಿ ನಡುಗುತ್ತಾನೆ. ಜೊಲ್ಲು ಬೇರೆ. ತಂಗಿ ಆನ್‌ಲೈನಲ್ಲಿ ಪುಡಿ ತರಿಸಿದ್ದಾಳೆ, ಡಬ್ಬಿ ಮೇಲೆ ‘ಸುವಾನ್ ಝಾವ್ ರೆನ್’ ಅಂತಿದೆ. ಕೊಡಬಹುದಾ?

ಉತ್ತರ (ಕಾರವಾರ): ಅದು ಬೋರೆ ಜಾತಿಯ ಹಣ್ಣಿನ ಬೀಜ. ಚೀನಾದಲ್ಲಿ ನಿದ್ದೆಗೆ, ಗಾಬರಿಗೆ ಹಳೇ ಮದ್ದು. ನಾಯಿಗಳಲ್ಲಿ ಗಟ್ಟಿ ಪುರಾವೆ ಕಡಿಮೆ. ಜೊತೆಗೆ ಏನೇನು ಬೆರೆಸಿದ್ದಾರೆ ನೋಡಿ ಮಾರಾಯ್ರೆ, ಅದೇ ಮುಖ್ಯ. ‘ಮಾ ಹುವಾಂಗ್’ ಇದ್ದರೆ ಬೇಡವೇ ಬೇಡ. ಅದರಲ್ಲಿ ಎಫೆಡ್ರಿನ್ ಅನ್ನೋ ಉತ್ತೇಜಕ ಇರುತ್ತದೆ, ನಾಯಿಯ ಎದೆಬಡಿತ ಜಾಸ್ತಿಯಾಗುತ್ತದೆ. ‘ಝು ಶಾ’ ಅಂದರೆ ಪಾದರಸದ ಖನಿಜ, ಅದೂ ವಿಷವೇ.

ಉತ್ತರ (ಕುಮಟಾ): ಬೇರೆ ಮಾತ್ರೆ ನಡೀತಿದ್ಯಾ? ಹಾಗಿದ್ದರೆ ಪಶುವೈದ್ಯರಿಗೆ ಡಬ್ಬಿನೇ ತೋರಿಸಿ. ‘ನ್ಯಾಚುರಲ್’ ಅಂತ ಬರೆದಿದ್ದಕ್ಕೆ ಸುಮ್ನೆ ನಂಬಬೇಡಿ.

ಪ್ರಶ್ನೆ ಕೇಳಿದವರು: ಫಿಟ್ಸ್ ಮಾತ್ರೆ ಇದೆ. ಡಬ್ಬಿ ಸದ್ಯ ಅಟ್ಟಕ್ಕೆ.