ಪೈಪ್ ಬರೇ ಕಹಿ ಹೊಡೀಲಕತ್ತದ, ನಾಲಿಗಿ ಸುಡ್ತದ. ಯಾರಾರ ಹೇಳ್ರಿ

ತೊಗರಿಬ್ಯಾಳಿ (ಕಲಬುರಗಿ), ಏಪ್ರಿಲ್ 18
ಸಿಗರೇಟ್ ಬಿಟ್ಟು ಪೈಪ್ ಚಾಲೂ ಮಾಡಿ ಎರಡು ತಿಂಗಳಾತು. ಡಬ್ಬಿ ತೆಗೆದ್ರ ಚೆರ್ರಿ ಹಣ್ಣಿನ ಘಮ ಮನಿತುಂಬ. ಹಚ್ಚಿದ ಮ್ಯಾಲ ಬೇವಿನ ಕಷಾಯ. ಅರ್ಧಕ್ಕ ಬರೂದ್ರಾಗ ಒಳಗ ಗುಳುಗುಳು ಅಂತದ, ಎರಡು ಸಲ ಕರೀ ನೀರು ಸೀದಾ ಬಾಯಾಗ ಬಂತು. ಮರುದಿನ ನಾಲಿಗಿ ತುದಿ ಹೆಂಗ ಉರೀತದ ಅಂದ್ರ ರೊಟ್ಟಿ ಜೋಡಿ ಕೆಂಪು ಖಾರ ಹಚ್ಚಿಕೊಳ್ಳಕ್ಕ ಬರಲ್ದಂಗ ಆಗ್ಯದ. ವಿಡಿಯೋ ನೋಡಿ ಎಲ್ಲಾ ಬರೋಬರಿ ಮಾಡ್ಲಕತ್ತೀನಿ. ಪೈಪ್ ದಿನಾ ಸ್ವಚ್ಛನೂ ಮಾಡ್ತೀನಿ. ಎಲ್ಲಿ ತಪ್ಪದ ಹೇಳ್ರಿ, ಇಲ್ಲಂದ್ರ ಬಂದಷ್ಟಕ್ಕ ಮಾರಿಬಿಡ್ತೀನಿ.

ಕಡಲಬದಿಯವ (ಮಂಗಳೂರು, ಸದ್ಯ ಸೇಡಂ)
ತಂಬಾಕು ಹಸಿ ಉಂಟು ಮಾರಾಯ್ರೆ, ಬೇರೆ ಏನೂ ಅಲ್ಲ. ಚೆರ್ರಿ, ವೆನಿಲಾ ಅಂತ ಬರುವ ತಂಬಾಕಿಗೆ ಒಣಗದ ಹಾಗೆ ಪ್ರೊಪಿಲಿನ್ ಗ್ಲೈಕಾಲ್ ಹಾಕಿರ್ತಾರೆ. ಬೆಂಕಿ ತಾಗಿದ ಕೂಡಲೇ ಆ ತೇವ ಹಬೆ ಆಗ್ತದೆ. ಹಬೆ ನಾಲಿಗೆಗೆ ಬಂದ್ರೆ ಉರಿ, ಪೈಪಿನ ಒಳಗೇ ತಣ್ಣಗಾಗಿ ನೀರಾದ್ರೆ ಗುಳುಗುಳು. ಕಾಗದದ ಮೇಲೆ ತೆಳ್ಳಗೆ ಹರಡಿ ಮುಕ್ಕಾಲು ಗಂಟೆ ಬಿಡಿ. ಚಿಟಿಕೆಯಲ್ಲಿ ಹಿಡಿದು ಒತ್ತಿ ಬಿಟ್ರೆ ಮುದ್ದೆಯಾಗಿ ನಿಲ್ಲಬಾರದು, ತಾನೇ ಬಿಡಿಸಿಕೊಳ್ಳಬೇಕು. ನನ್ನದು ನೂರಕ್ಕೆ ನೂರು ಗ್ಯಾರಂಟಿ.

ಭೀಮಾದಂಡಿ (ಯಾದಗಿರಿ)
ಯಾವ ಪೈಪ್? ಬ್ರೈಯರ್ ಕಟಗಿದಾ, ಜೋಳದ ಬೆಂಡಿನ ಕಾಬಾ? ಫಿಲ್ಟರ್ ಅದನೋ ಇಲ್ಲೋ? ಕೈ ತೋರಿಸ್ದೇ ನಾಡಿ ನೋಡು ಅಂದ್ರ ಹ್ಯಾಂಗ್ರಿ?

ತೊಗರಿಬ್ಯಾಳಿ
ಸಾದಾ ಪೈಪ್ ರೀ. ಕಟಗಿದು. ಮೊದಲ ತಂಬಾಕು ಒಣಗಿಸಿ ನೋಡ್ತೀನಿ.

ತೊಗರಿಬ್ಯಾಳಿ, ಏಪ್ರಿಲ್ 19
ಒಣಗಿಸ್ದೆ. ಮಾಳಗಿ ಮ್ಯಾಲ ಪೇಪರ್ ಹಾಸಿ ಗಡಿಯಾರ ನೋಡಿ ಮುಕ್ಕಾಲು ತಾಸು. ನಶ್ಯಪುಡಿ ಆಗ್ಯದ. ಹಚ್ಚಿದ್ರ ಭರ್ ಅಂತ ಉರಿದು ಐದು ನಿಮಿಷಕ್ಕ ಬೂದಿ. ಪೈಪ್ ಕೈಯಾಗ ಹಿಡಿಲಕ್ ಬರಲ್ದಷ್ಟು ಕಾದಿತ್ತು. ನಾಲಿಗಿ ನಿನ್ನಿಗಿಂತ ಹೆಚ್ಚು ಸುಟ್ಟದ. ಕಹಿ ಇದ್ದಲ್ಲೇ ಅದ. ಗ್ಯಾರಂಟಿ ಕೊಟ್ಟವರು ಎಲ್ಲಿ ಅದಾರ?

ಕಡಲಬದಿಯವ
ಬಿಸಿಲಲ್ಲಿ ಯಾರು ಇಡ್ಲಿಕ್ಕೆ ಹೇಳಿದ್ದು ಮಾರಾಯ್ರೆ! ಮನೆ ಒಳಗೆ!

ಬೀದರ್ ಕಾಕಾ
ಮಂಗಳೂರು ತಮ್ಮಾ, ನಿನ್ನ ಮುಕ್ಕಾಲು ತಾಸು ನಿಮ್ಮ ಸಮುದ್ರದ ದಂಡಿಗಿ ಸರಿ. ಇಲ್ಲಿ ಏಪ್ರಿಲ್ ಅಂದ್ರ 42 ಡಿಗ್ರಿ, ಹಪ್ಪಳ ಸಂಡಿಗಿ ಹಾಕೂ ಬಿಸಿಲು. ಮಾಳಗಿ ಮ್ಯಾಲ ಹಾಕಿದ್ರ ತಂಬಾಕಲ್ಲ, ಮನಷ್ಯಾನೂ ಒಣಗ್ತಾನ. ಬ್ಯಾಸಗ್ಯಾಗ ನೆರಳಿಗಿ ಐದು ನಿಮಿಷ ಸಾಕು, ಶ್ರಾವಣದಾಗ ಅರ್ಧ ತಾಸು ಬಿಡು. ಸೇಡಂದಾಗ ಇದ್ದೂ ಗೊತ್ತಾಗಿಲ್ಲೇನು?

ತೊಗರಿಬ್ಯಾಳಿ, ನೀ ಕೇಳು. ನಾ 30 ವರ್ಷದಿಂದ ಸೇದ್ತೀನಿ. ಸಿಗರೇಟ್ ಬಿಟ್ಟು ಬಂದವರ ರೋಗ ಒಂದೇ, ಜೋರ್ ಎಳಿಯೂದು. ಪೈಪ್ ಆರಿದ್ರ ಮರ್ಯಾದಿನೇ ಹೋತು ಅಂತ ತಿಳೀತಾರ. ಆರ್ಲಿ ಬಿಡು, ಮತ್ತ ಕಡ್ಡಿ ಕೊರಿ. ಬೌಲ್, ಅಂದ್ರ ತಂಬಾಕು ತುಂಬೂ ಬಟ್ಟಲು, ಗಲ್ಲಕ್ಕ ಹಚ್ಚಿದ್ರ ಬೆಚ್ಚಗಿರಬೇಕು, ಚುರ್ ಅನ್ನಬಾರ್ದು. ತುಂಬೂದೂ ಒಂದು ಹದ ಅದ. ತಳಕ್ಕ ಸಡ್ಲ, ಮ್ಯಾಲ ಸ್ವಲ್ಪ ಬಿಗಿ. ಹಚ್ಚೂಕಿಂತ ಮೊದಲ ಒಂದು ಸಲ ಖಾಲಿ ಎಳೆದು ನೋಡು. ಸ್ಟ್ರಾದಾಗ ಮಜ್ಜಿಗಿ ಬಂದಂಗ ಬರಬೇಕು, ಲಸ್ಸಿ ಬಂದಂಗಲ್ಲ. ಮೊದಲ ಕಡ್ಡಿಗಿ ತಂಬಾಕು ಉಬ್ಬಿ ಮ್ಯಾಲ ಬರ್ತದ. ಅದನ್ನ ಮೆಲ್ಲಕ ಒತ್ತಿ ಎರಡನೇ ಕಡ್ಡಿಲಿಂದ ಪೂರಾ ಹಚ್ಚು. ಕಡ್ಡಿ ತುದಿ ಮದ್ದು ಸುಟ್ಟು ಹೋಗೂತನಕ ತಡಿ, ಆಮ್ಯಾಲ ಹತ್ರ ಒಯ್ಯಿ. ಲೈಟರ್ ಮುಟ್ಟಬ್ಯಾಡ.

ಶಹಾಬಾದ್ ಫರಸಿ
ಲೈಟರ್ ಏನ್ ಪಾಪ ಮಾಡ್ಯದ ಕಾಕಾ? ಪೆಟ್ರೋಲ್ ಲೈಟರ್ ವಾಸನಿ ಹೊಡೀತದ ಒಪ್ತೀನಿ. ಗ್ಯಾಸ್ ಲೈಟರ್‌ದಾಗ ಎಲ್ಲಿ ವಾಸನಿ?

ಬೀದರ್ ಕಾಕಾ
ನಾಲಿಗಿ ಇದ್ದವರಿಗಿ ಗೊತ್ತಾಗ್ತದ.

ಶಹಾಬಾದ್ ಫರಸಿ
30 ವರ್ಷ ಸುಟ್ಟ ನಾಲಿಗಿಗಿ ಏನ್ ಗೊತ್ತಾಗ್ತದ ಕಾಕಾ, ಸಿಟ್ಟಾಗಬ್ಯಾಡ್ರಿ ಮತ್ತ. ಜೆಟ್ ಲೈಟರ್ ಮಾತ್ರ ಬ್ಯಾಡ, ಬೌಲಿನ ಅಂಚು ಕರ್ರಗ ಸುಡ್ತದ. ಸಾದಾ ಗ್ಯಾಸಿಂದು ನಡೀತದ.

ಮತ್ತ ಹೊಸಬರು ಕಟಗಿ ಪೈಪಿಗಿ ಯಾಕ ಹೋಗ್ತೀರಿ? ಗೋವಿನಜೋಳದ ಬೆಂಡಿನ ಪೈಪ್ ತಗೋರಿ. ಮೊದಲ ದಿನದಿಂದ ಸಿಹಿ, ತೇವ ತಾನೇ ಹೀರ್ತದ. ತರಸೂದೂ ಬ್ಯಾಡ, ನಾ ಈ ಸಲ ನಮ್ಮ ಹೊಲದ ಬೆಂಡು ಕೊರೆದು ಮನ್ಯಾಗೇ ಮಾಡಾಂವ ಇದ್ದೀನಿ.

ಭೀಮಾದಂಡಿ
ನಮ್ಮ ಹೊಲದ ಬೆಂಡು ಹೆಬ್ಬೆರಳಷ್ಟು ದಪ್ಪ ಇರ್ತದ, ಕೊರೆದ್ರ ಉಳಿಯೂದು ತೊಗಟಿ ಅಷ್ಟೇ. ಅಮೆರಿಕದ ಮಿಸೌರಿ ರಾಜ್ಯದಾಗ 1869ರಿಂದ ಇದೇ ಧಂದೆ ನಡದದ. ಅವರು ಕಾಳಿಗಲ್ಲ, ಬೆಂಡಿಗೇ ಅಂತ ದಪ್ಪನ ತಳಿ ಬೆಳೀತಾರ. ಎರಡು ವರ್ಷ ಒಣಗಿಸಿ ಆಮ್ಯಾಲ ಕೊರೀತಾರ. ಹೊರಗಿನ ತಗ್ಗು ತೆಗ್ಗೆಲ್ಲಾ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ತುಂಬತಾರ, ಅದಕ್ಕ 1878ರಾಗೇ ಪೇಟೆಂಟ್ ಆಗ್ಯದ. ನೀವು ಮಾಡ್ರಿ, ಬ್ಯಾಡ ಅನ್ನಲ್ಲ. ಗಡ್ಡಕ್ಕ ಬೆಂಕಿ ಹತ್ತಿದ್ರ ಫೋಟೋ ಹಾಕ್ರಿ.

ತೊಗರಿಬ್ಯಾಳಿ ಅವರೇ, ದಿನಾ ಸ್ವಚ್ಛ ಮಾಡ್ತೀನಿ ಅಂದೀರಿ. ಹ್ಯಾಂಗ ಮಾಡ್ತೀರಿ ಅಂತ ಯಾರೂ ಕೇಳಿಲ್ಲ, ನಾ ಕೇಳ್ತೀನಿ. ಇನ್ನೊಂದು ಮಾತು. ನಾಲಿಗಿ ಮ್ಯಾಲ ಹುಣ್ಣೋ ಬಿಳಿ ಕಲೆಯೋ ಎದ್ದು ಎರಡು ವಾರಕ್ಕೂ ಮಾಯದಿದ್ರ ಇಲ್ಲಿ ಕೇಳಬ್ಯಾಡ್ರಿ, ಡಾಕ್ಟರ್‌ಗಿ ತೋರಿಸ್ರಿ. ಇದು ತಂಬಾಕು, ಹಾಲಲ್ಲ.

ತೊಗರಿಬ್ಯಾಳಿ
ಹುಣ್ಣಿಲ್ಲ ರೀ, ಬರೇ ಉರಿ. ಪೈಪ್ ಒಳಗ ತೂರಿಸೂ ಕ್ಲೀನರ್ ತಂತಿ ಸಲುವಾಗಿ ಸೂಪರ್ ಮಾರ್ಕೆಟ್ ಬಜಾರ್ ಪೂರಾ ತಿರುಗ್ದೆ. ಒಂದು ಸ್ಟೇಷನರಿ ಅಂಗಡ್ಯಾಗ ಮಕ್ಕಳು ಗೊಂಬಿ ಮಾಡೂ ಗುಲಾಬಿ ಬಣ್ಣದ್ದು ಕೊಟ್ರು, ವಾಪಸ್ ಕೊಟ್ಟು ಬಂದೆ. ಮನ್ಯಾಗ ಕಸಬರಿಗಿ ಕಡ್ಡಿಗಿ ಹತ್ತಿ ಸುತ್ತಿ ಬಾಯಿಕಡಿಯಿಂದ ತೂರಿಸಿ ತಿಕ್ತೀನಿ. ನಡುವ ಹೋಗಿ ತಟ್ಟತದ. ಅಲ್ಲಿತನ ಸಾಫ್.

ಭೀಮಾದಂಡಿ
ನಡುವ ತಟ್ಟತದಾ? ಸ್ಟೆಮ್, ಅಂದ್ರ ಬಾಯಾಗ ಹಿಡಿಯೂ ಕೊಳವಿ, ಬಿಚ್ಚಿ ನೋಡಿರೇನು?

ತೊಗರಿಬ್ಯಾಳಿ
ಅದು ಬಿಚ್ಚತದಾ?

ಭೀಮಾದಂಡಿ
ದೇವರೇ. ಬಿಚ್ಚತದ. ಆದ್ರ ಈಗ ಸೇದಿ ಬಿಸಿ ಇದ್ರ ಮುಟ್ಟಬ್ಯಾಡ್ರಿ, ಕಾದ ಪೈಪಿನ ಸ್ಟೆಮ್ ಎಳೆದ್ರ ಕೂಡಿದಲ್ಲಿ ಸಡ್ಲ ಆಗ್ತದ, ಇಲ್ಲಾ ಶ್ಯಾಂಕ್, ಅಂದ್ರ ಬೌಲಿಗಿ ಹತ್ತಿದ ಕಟಗಿ ಕೊಳವಿ, ಸೀಳ್ತದ. ನಾಳಿ ಮುಂಜಾನಿ ತಣ್ಣಗ ಇದ್ದಾಗ ಶ್ಯಾಂಕ್ ಕಡಿ ಬಿಗಿ ಹಿಡಿದು ಸ್ಟೆಮ್ ತಿರುವುತ್ತ ತಿರುವುತ್ತ ಎಳೀರಿ. ಹತ್ತಿ ಒಳಗೇ ಉಳದಿರಬೇಕು ಅಂತ ನನ್ನ ಸಂಶಯ. ದಾರಿ ಕಟ್ಟಿದ್ರ ಜೋರ್ ಎಳೀತೀರಿ, ಜೋರ್ ಎಳೆದ್ರ ಕಾಯ್ತದ, ಕಾದ್ರ ನಾಲಿಗಿ ಸುಡ್ತದ. ಕಾಕಾ ಹೇಳಿದ್ದೂ ಖರೇನೇ, ಆದ್ರ ಕಾರಣ ಆ ಹತ್ತಿ ಕಟ್ಟಿದಲ್ಲಿ ಅದ.

ಕಡಲಬದಿಯವ
ಹತ್ತಿ ಇರಬಹುದು. ಆದ್ರೆ ಮೂಲ ತೇವವೇ.

ಬೀದರ್ ಕಾಕಾ
ಅಂವ ಬಿಚ್ಚೂತನಕ ನಾ ಒಂದು ಹೇಳ್ತೀನಿ. ಒಂದೇ ಪೈಪ್ ದಿನಾ ಸೇದಿದ್ರ ಕಟಗಿ ಒಣಗೂದ್ಯಾವಾಗ? ಒಂದು ಸಲ ಸೇದಿದ್ರ ಒಂದು ದಿನ ಆರಾಮ ಕೊಡಬೇಕು. ನಂದು 14 ಪೈಪ್ ಅವ. ಸಾಗವಾನಿ ಸ್ಟ್ಯಾಂಡಿನ್ಯಾಗ ಸಾಲಾಗಿ ನಿಂತಾವ. ಲಟಾಕಿಯಾಕ್ಕ ಮೂರು ಬ್ಯಾರೇನೇ ಇಟ್ಟೀನಿ. ಅದು ಹೊಗಿ ಕೊಟ್ಟು ಹದಮಾಡಿದ ಎಲಿ, ಒಂದು ಸಲ ಆ ವಾಸನಿ ಬ್ರೈಯರ್‌ಗಿ ಹತ್ತಿದ್ರ ಹೋಗಂದ್ರ ಹೋಗಲ್ಲ. ಒಂದು ಮೀರ್‌ಶಾಮ್ ಅದ, ಟರ್ಕಿ ದೇಶದ ಎಸ್ಕಿಶೆಹಿರ್ ಕಲ್ಲು. ತಂದಾಗ ಸುಣ್ಣದಂಗ ಬೆಳ್ಳಗಿತ್ತು, ಈಗ ಜೇನಿನ ಬಣ್ಣ. ಬ್ರೈಯರ್‌ದಾಗ ಕಿಟ್ಟ, ಅಂದ್ರ ಒಳಗ ಕೂಡೂ ಇದ್ದಿಲ ಪದರು, ಒಂದು ಮಿಲಿಮೀಟರ್ ಕಟ್ಟಬೇಕು, ಮೀರ್‌ಶಾಮ್‌ದಾಗ ಕಟ್ಟಲಕ್ ಬಿಡಬಾರ್ದು, ಒರಸಿಬಿಡಬೇಕು. ಮತ್ತ ತಂಬಾಕು ಒತ್ತೂ ನನ್ನ ಟ್ಯಾಂಪರ್ ಬಿದ್ರಿದು. ಹೇಳಿ ಮಾಡಿಸೀನಿ. ಸತುವು ತಾಮ್ರದ ಎರಕ, ಬೆಳ್ಳಿ ತಂತಿ ಬಳ್ಳಿ, ಕ್ವಾಟಿ ಮಣ್ಣು ನವಸಾಗರ ಕುದಿಸಿ ಕೊಟ್ಟ ಕರೀ ಬಣ್ಣ. ಹಿಂದಕ ಬಾದಶಹರ ಹುಕ್ಕಾದ ತಳಾನೇ ಬಿದ್ರಿದು ಇರ್ತಿತ್ತು, ಈಗೂ ಮ್ಯೂಸಿಯಂದಾಗ ಅವ.

ಶಹಾಬಾದ್ ಫರಸಿ
ಹುಕ್ಕಾ ಹೆಸರು ತೆಗಿಬ್ಯಾಡ್ರಿ ಕಾಕಾ, 2024ರ ಫೆಬ್ರವರಿದಾಗ ಸರ್ಕಾರ ಬಂದ್ ಮಾಡ್ಯದ. ಟ್ಯಾಂಪರ್ ಫೋಟೋ ಹಾಕ್ರಿ. ನಾ ಮೂರು ಇಂಚಿನ ಕಬ್ಬಿಣದ ಮಳಿ ತಲಿಲಿಂದ ಒತ್ತತೀನಿ, ಎರಡು ರೂಪಾಯಿ.

ಬೀದರ್ ಕಾಕಾ
ಮಳಿಗೂ ಬಿದ್ರಿಗೂ ಹೋಲಿಕಿ ಮಾಡೂ ಮಂದಿ ಜೋಡಿ ನಾ ಮಾತಾಡಲ್ಲ.

ತೊಗರಿಬ್ಯಾಳಿ, ಏಪ್ರಿಲ್ 27
ಲಗ್ನದ ಸಲುವಾಗಿ ಆಳಂದಕ್ಕ ಹೋಗಿದ್ದೆ, ತಡಾ ಆತು. ಬಿಚ್ಚಿದೆ. ಹತ್ತಿ ಸಿಕ್ಕದ. ಹತ್ತಿ ಅನ್ನಲಕ್ ಬರಂಗಿಲ್ಲ, ಡಾಂಬರದಾಗ ಅದ್ದಿದ ಉಂಡಿ. ಅದರ ಹಿಂದ ಒಂದು ಸಣ್ಣ ಕೊಳವಿ ಕುಂತದ, ಕಡುಕಂದು ಬಣ್ಣದ್ದು, ಎರಡೂ ತುದಿಗಿ ತೂತಿನ ಟೊಪ್ಪಿಗಿ. ಇದು ಪೈಪಿನ ಭಾಗೇನು? ತೊಳೆದು ಒಣಗಿಸಿ ಹಾಕ್ಲ್ಯಾ?

ಭೀಮಾದಂಡಿ
ಅದೇ 9 ಮಿಲಿಮೀಟರ್ ಫಿಲ್ಟರ್! ಬಂದಾಗ ಬೆಳ್ಳಗಿತ್ತು ಅದು. ಒಂದೆರಡು ಸಲ ಸೇದಿ ಕಸದಾಗ ಒಗೀಬೇಕಾದದ್ದು ಎರಡು ತಿಂಗಳು ಇಟ್ಟೀರಿ. ಮೊದಲ ದಿನ ನಾ ಕೇಳಿದ್ದೇ ಇದು, ನೀವು ಸಾದಾ ಪೈಪ್ ಅಂದ್ರಿ. ತೊಳಿಬ್ಯಾಡ್ರಿ, ಕಸದಾಗ ಒಗೀರಿ. ಹೊಸ ಫಿಲ್ಟರ್ ಹಾಕ್ರಿ, ಇಲ್ಲಾ ಫಿಲ್ಟರ್ ಜಾಗಾದಾಗ ಕುಂದ್ರೂ ಅಡಾಪ್ಟರ್ ಸಿಕ್ರ ಅದನ್ನ ಹಾಕಿ ಸೇದ್ರಿ.

ಶ್ಯಾಂಕ್ ಒಳಗೂ ಜಿಡ್ಡು ಇಳದಿರ್ತದ. ರಾತ್ರಿ ಬೌಲ್ ತುಂಬ ಉಪ್ಪು ಹಾಕಿ, ಸ್ಪಿರಿಟ್ ಹನಿಹನಿ ಬಿಟ್ಟು, ಮುಂಜಾನಿ ಚೆಲ್ರಿ. ಉಪ್ಪು ಕರ್ರಗ ಆಗಿರ್ತದ. ಉಪ್ಪಿಗಿ ಕಟಗಿ ಸೀಳ್ತದ ಅಂತ ಕೆಲವರು ಅಂತಾರ, ಅಂಜಿಕಿ ಇದ್ರ ಉಪ್ಪಿನ ಬದ್ಲು ಹತ್ತಿ ತುಂಬ್ರಿ. ಬಣ್ಣದಂಗಡಿ ಸ್ಪಿರಿಟ್ ಮಾತ್ರ ಬ್ಯಾಡವೇ ಬ್ಯಾಡ, ಮೆಥನಾಲ್ ಇರ್ತದ, ವಿಷ. ಐಸೊಪ್ರೊಪಿಲ್ ಇಲ್ಲಾ ವೋಡ್ಕಾ. ಆಮ್ಯಾಲ ಮೂರು ದಿನ ಗಾಳಿಗಿಡ್ರಿ.

ಬೀದರ್ ಕಾಕಾ
ಅವನ ಮುಂದ ಮತ್ತ ಹತ್ತಿ ಹೆಸರು ಹೇಳ್ತಿಯಲ್ಲೋ.

ತೊಗರಿಬ್ಯಾಳಿ, ಮೇ 3
ಉಪ್ಪೇ ಹಾಕಿದೆ. ಮೂರು ದಿನ ಗಾಳಿಗಿಟ್ಟೆ. ಹೊಸ ಫಿಲ್ಟರ್ ಹೈದರಾಬಾದಿಂದ ತರಿಸ್ದೆ. ಗುಳುಗುಳು ಪೂರಾ ಬಂದ್. ನಾಲಿಗಿ ಉರಿ ಅರ್ಧ ಕಮ್ಮಿ. ಕಹಿ ಇಲ್ಲ. ಆದ್ರ ಚೆರ್ರಿ ಹಾಕಿದ್ರೂ, ಸಾದಾ ಬರ್ಲಿ ತಂಬಾಕು ಹಾಕಿದ್ರೂ ಒಂದೇ ರುಚಿ. ನಿಂಬಿಹಣ್ಣು.

ಕಡಲಬದಿಯವ
ತೇವ ಇರಬೇಕು.

ಭೀಮಾದಂಡಿ
ನೀವು ಸುಮ್ಕ ಇರ್ರಿ. ತೊಗರಿಬ್ಯಾಳಿ ಅವರೇ, ಸ್ಪಿರಿಟ್ ಯಾವುದು ಹಾಕಿದ್ರಿ?

ತೊಗರಿಬ್ಯಾಳಿ
ನೀವು ಹೇಳಿದ್ದೇ ರೀ, ಐಸೊಪ್ರೊಪಿಲ್. ಬಾಟ್ಲಿ ಮ್ಯಾಲ ಬರದಿತ್ತು. ಕೊರೋನಾ ಟೈಮಿನ ಸ್ಯಾನಿಟೈಸರ್ ಎರಡು ಬಾಟ್ಲಿ ಮನ್ಯಾಗ ಹಂಗೇ ಉಳದಿದ್ವು.

ಶಹಾಬಾದ್ ಫರಸಿ
ನೀರಿನಂಗ ಇರ್ತದಲ್ಲ ಅದಾ, ಜೆಲ್ಲಾ?

ತೊಗರಿಬ್ಯಾಳಿ
ಜೆಲ್. ಯಾಕ್ರಿ?